ಉಬ್ಬಿದ ಹೊಟ್ಟೆ, ದೂರು ಹೊತ್ತ ಬ್ರೇಕು

ಮಧ್ಯಾಹ್ನ ಊಟ ಮುಗಿಸಿ ಸೀಟಿಗೆ ಏರಿದ ಮೇಲೆ ನಾನು ಮಾಡುತ್ತಿದ್ದ ಮೊದಲ ಕೆಲಸ ಖಾಕಿ ಪ್ಯಾಂಟಿನ ಗುಂಡಿ ಬಿಚ್ಚುವುದು. ಅಂಗಿಯನ್ನು ಹೊರಗೆ ಬಿಟ್ಟು ಅದನ್ನು ಮುಚ್ಚುತ್ತಿದ್ದೆ. ಆಮೇಲೆಯೇ ಎಂಜಿನ್ ಚಾಲೂ. ಅಷ್ಟು ಮಾಡಿದರೂ ತಿರುವುಗಳಲ್ಲಿ ಸ್ಟೇರಿಂಗ್ ಹೊಟ್ಟೆಗೆ ಉಜ್ಜುತ್ತಿತ್ತು. ಬೆಳಗ್ಗೆ ಉಜ್ಜುತ್ತಿರಲಿಲ್ಲ. ಬೆಳಗ್ಗೆ ನಾನು ಸಪೂರ ಮನುಷ್ಯ, ಸಂಜೆಗೆ ತಮಟೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಬಸ್ಸು ಮೂಡುಬಿದಿರೆಯಿಂದ ಹೊರಟು ವೇಣೂರಿನ ಮೇಲೆ ಬೆಳ್ತಂಗಡಿಗೆ, ಅಲ್ಲಿಂದ ಬಂಟ್ವಾಳಕ್ಕೆ, ಬಂಟ್ವಾಳದಿಂದ ಸಿದ್ದಕಟ್ಟೆಯ ದಾರಿಯಾಗಿ ತಿರುಗಿ ಮೂಡುಬಿದಿರೆಗೆ ಬರುತ್ತಿತ್ತು. ಮೂರು ಊರಿನಲ್ಲೂ ನಮಗೆ ಒಂದೊಂದು ಹೋಟೆಲು ಗೊತ್ತಿತ್ತು. ಬಸ್ಸನ್ನು ಯಾವ ಹೋಟೆಲಿನ ಎದುರು ನಿಲ್ಲಿಸುತ್ತೇವೋ ಆ ಹೋಟೆಲಿನವರು ಡ್ರೈವರನಿಗೂ ಕಂಡಕ್ಟರನಿಗೂ ಪುಕ್ಕಟೆ ಬಡಿಸುವುದು ಆಗಿನ ಪದ್ಧತಿ. ಒಳಕೋಣೆಯಲ್ಲಿ ಬೇರೆ ಮೇಜು. ಕೇಳುವ ಮೊದಲೇ ಗೋಳಿಬಜೆ, ಬನ್ಸ್, ಕಡ್ಲೆ ಉಸ್ಲಿ ಬಂದು ಕೂರುತ್ತಿದ್ದವು. ಬಿಟ್ಟು ಎದ್ದರೆ ಹೋಟೆಲಿನವರಿಗೆ ಅವಮಾನ. ನಿಧಾನ ತಿಂದರೆ ಹಿಂದಿನ ಬಸ್ಸು ಬಂದು ನಮ್ಮ ಜನರನ್ನು ಎತ್ತಿಕೊಂಡು ಹೋಗುತ್ತಿತ್ತು. ಆದ್ದರಿಂದ ಎಲ್ಲವನ್ನೂ ತಿನ್ನಬೇಕು, ಬೇಗ ತಿನ್ನಬೇಕು. ಬಂಟ್ವಾಳದಲ್ಲಿ ಕುಚ್ಚಲಕ್ಕಿ ಅನ್ನಕ್ಕೆ ಸಾಂಬಾರು ಹುಯ್ದುಕೊಂಡು ನಾನು ಅಗಿಯುತ್ತಲೇ ಇರಲಿಲ್ಲ, ಗಂಜಿಯಂತೆ ಕುಡಿಯುತ್ತಿದ್ದೆ. ಊಟಕ್ಕೆ ಕೂತು ಎದ್ದದ್ದು ನನಗೇ ನೆನಪಿರುತ್ತಿರಲಿಲ್ಲ.

ಹೊಟ್ಟೆ ಬಿಗಿದರೆ ಅದಕ್ಕೆ ಮದ್ದು ಎಲ್ಲ ಸ್ಟ್ಯಾಂಡಿನಲ್ಲೂ ಇತ್ತು: ಗೋಲಿ ಸೋಡಾ. ಉಪ್ಪು, ಲಿಂಬೆ ಹಾಕಿಸಿ ಒಂದೇ ಉಸಿರಿಗೆ ಏರಿಸಿದರೆ ದೊಡ್ಡದೊಂದು ತೇಗು. "ಹಾ, ಹೋಯ್ತು" ಅನ್ನಿಸುತ್ತಿತ್ತು. ಮುಂದಿನ ಸ್ಟ್ಯಾಂಡಿಗೆ ಮುಟ್ಟುವಾಗ ಪುನಃ ಬಿಗಿತ, ಪುನಃ ಸೋಡಾ.

ಕಂಡಕ್ಟರ್ ನನಗಿಂತ ಚಿಕ್ಕವನು, ನಾಲಿಗೆ ಮಾತ್ರ ಉದ್ದ. ತುಂಬಿದ ಬಸ್ಸಿನಲ್ಲಿ ಕೇಳುತ್ತಿದ್ದ: "ಡ್ರೈವರೇ, ನಿಮಗೆ ಎಷ್ಟನೇ ತಿಂಗಳು? ಸೀಮಂತಕ್ಕೆ ನಮ್ಮನ್ನೂ ಕರೀರಿ ಆಯ್ತಾ."

ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮನೆಗೆ ಬಂದು ಆ ಸಿಟ್ಟನ್ನು ಹೆಂಡತಿಯ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಅವಳು ಮಳೆಗಾಲಕ್ಕೆಂದು ಹಲಸಿನ ಬೀಜ ಕೂಡಿಟ್ಟಿದ್ದಳು. ಅದರ ಸಾರಿನಿಂದಲೇ ನನಗೆ ವಾಯು ಎಂದು ಕೂಗಾಡಿದೆ. ಅವಳು ಬೀಜ ಬಿಟ್ಟಳು. ಹುರುಳಿ ಸಾರಿನ ಮೇಲೆ ತಪ್ಪು ಹೊರಿಸಿದೆ, ಅದನ್ನೂ ಬಿಟ್ಟಳು. ಉದ್ದಿನ ದೋಸೆ ಬಿಟ್ಟಳು. ಕೊನೆಗೆ, "ಇನ್ನು ಬೇಯಿಸಲಿಕ್ಕೆ ಒಲೆ ಒಂದು ಬಾಕಿ ಉಂಟು" ಎಂದಳು. ಹೊರಗೆ ಮೂರು ಊರಿನಲ್ಲಿ ಏನು ತಿನ್ನುತ್ತೇನೆ ಎಂದು ನಾನು ಅವಳಿಗೆ ಹೇಳಿಯೇ ಇರಲಿಲ್ಲ.

ಆ ವರ್ಷ ಆಟಿ ತಿಂಗಳು, ನಮ್ಮ ಕಡೆ ಮಳೆಗಾಲದ ನಟ್ಟನಡುವಿನ ತಿಂಗಳು, ಶುರುವಾದ ಹೊಸತರಲ್ಲಿ ಆ ಘಟನೆ ನಡೆಯಿತು. ಬಂಟ್ವಾಳದಲ್ಲಿ ಊಟ ಮಾಡಿ, ಸೋಡಾ ಕುಡಿದು, ಸಿದ್ದಕಟ್ಟೆಯ ದಾರಿ ಹಿಡಿದಿದ್ದೆವು. ಒಂದು ಇಳಿಜಾರು, ಅದರ ಬುಡದಲ್ಲಿ ಎಡಕ್ಕೆ ತಿರುವು. ಇಳಿಯಲು ತೊಡಗಿದಾಗ ಎಡ ಪಕ್ಕೆಲುಬಿನ ಕೆಳಗೆ ಯಾರೋ ಮುಷ್ಟಿ ಹಾಕಿ ತಿರುಚಿದ ಹಾಗಾಯಿತು. ಉಸಿರು ಮೇಲೆ ಬರಲಿಲ್ಲ. ನಾನು ಸ್ಟೇರಿಂಗಿನ ಮೇಲೆ ಬಾಗಿದೆ. ಕಾಲು ಪೆಡಲಿನ ಮೇಲೆ ಹೋದದ್ದು ಹೌದು, ಆದರೆ ತಡವಾಗಿ, ಅದೂ ಬಲವಿಲ್ಲದೆ. ಬಸ್ಸು ತಿರುವನ್ನು ಬಿಟ್ಟು ಚರಂಡಿಗೆ ಇಳಿದು, ಕೆಂಪು ಮುರಕಲ್ಲಿನ ಗೋಡೆಗೆ ಒರಗಿ ನಿಂತಿತು.

ದೇವರು ದೊಡ್ಡವನು. ಒಬ್ಬರ ಮೊಣಕೈ ತರಚಿತು, ಒಬ್ಬಾಕೆಯ ಮೀನಿನ ಬುಟ್ಟಿ ಮಗುಚಿ ಬಂಗುಡೆಯೆಲ್ಲ ಸೀಟಿನಡಿ ಹರಡಿತು. ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ಆದರೆ ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿ ಕೇಳಿದರು: "ಎಂತಾಯ್ತು ಡ್ರೈವರೇ?"

ನನ್ನ ಗುಂಡಿ ಬಿಚ್ಚಿತ್ತು. ಹೊಟ್ಟೆ ತಮಟೆಯಾಗಿತ್ತು. ಹೊಟ್ಟೆನೋವು ಎಂದರೆ ನಗುತ್ತಾರೆ, ಆಮೇಲೆ ಸೀಟಿನಿಂದ ಇಳಿಸುತ್ತಾರೆ. ಇಷ್ಟನ್ನು ಯೋಚಿಸಿದೆನೋ ಇಲ್ಲವೋ ತಿಳಿಯದು, ಬಾಯಿಯಿಂದ ಬಂದದ್ದು ಇದು: "ಬ್ರೇಕ್ ಸಿಗಲಿಲ್ಲ."

ಆ ಬ್ರೇಕನ್ನು ಹಿಂದಿನ ದಿನವಷ್ಟೇ ಮೇಸ್ತ್ರಿ ಸರಿ ಮಾಡಿದ್ದ.

ಮೇಸ್ತ್ರಿ ಎಂದರೆ ನಮ್ಮ ಬಸ್ಸಿನ ಮೆಕ್ಯಾನಿಕ್. ಬ್ಯಾರಿಗಳವನು, ಅಂದರೆ ನಮ್ಮ ಕರಾವಳಿಯ ಮುಸಲ್ಮಾನ, ನನ್ನದೇ ಪ್ರಾಯ. ಮೂಡುಬಿದಿರೆ ಸ್ಟ್ಯಾಂಡಿನ ಹಿಂದೆ ಬಸ್ಸಿನ ಧಣಿಗಳ ಶೆಡ್ಡಿನಲ್ಲಿ ಅವನ ಕೆಲಸ. ಧಣಿಗಳು ಅವನನ್ನು ಕರೆಸಿದರು. ಅವನು ಚಕ್ರಗಳನ್ನು ಕಳಚಿ, ಬ್ರೇಕಿನ ಡ್ರಮ್ಮು ಬಿಚ್ಚಿ, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಲೈನಿಂಗ್ ತೋರಿಸಿ, "ನೋಡಿ ಧಣಿಗಳೇ, ಎಣ್ಣೆ ಸೋರಿದ ಗುರುತಿಲ್ಲ, ಲೈನಿಂಗ್ ಸವೆದಿಲ್ಲ. ಬ್ರೇಕ್ ಸರಿ ಉಂಟು" ಎಂದ.

"ಸರಿ ಉಂಟಾದರೆ ಬಸ್ಸು ಚರಂಡಿಯಲ್ಲಿ ಎಂತ ಮಾಡ್ತಿತ್ತು? ಮೀನು ಹಿಡೀಲಿಕ್ಕೆ ಹೋದದ್ದಾ?" ಎಂದರು ಧಣಿಗಳು. "ಡ್ರೈವರ್ ಸುಳ್ಳು ಹೇಳ್ತಾನಾ?"

ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಡ್ರಮ್ಮನ್ನು ನೋಡುತ್ತಿದ್ದೆ.

ಧಣಿಗಳ ತೀರ್ಮಾನ ಅಲ್ಲಿಯೇ ಆಯಿತು. ಆಟಿ ಮುಗಿಯುವ ತನಕ ಮೇಸ್ತ್ರಿ ಇರಬಹುದು, ಮುಂದಿನ ತಿಂಗಳಿಗೆ ಬೇರೆ ಜನ ಬರುತ್ತಾನೆ. ಸಂಜೆ ಮೇಸ್ತ್ರಿ ನನ್ನ ಹತ್ತಿರ ಬಂದ. ಜಗಳಕ್ಕೆ ಬಂದದ್ದಲ್ಲ. "ನೀನು ತುಳಿದಾಗ ಪೆಡಲು ಕೆಳಗೆ ಹೋಯ್ತಾ, ಗಟ್ಟಿ ನಿಂತಿತಾ? ಅಷ್ಟು ಹೇಳು" ಎಂದ. ಕೆಳಗೆ ಹೋದರೆ ಬ್ರೇಕ್ ಕೆಟ್ಟಿದೆ, ಗಟ್ಟಿ ನಿಂತರೆ ಸರಿ ಉಂಟು ಎಂದರ್ಥ.

"ಕೆಳಗೆ ಹೋಯ್ತು" ಎಂದೆ. ಎರಡನೆಯ ಸುಳ್ಳು ಮೊದಲಿನದಕ್ಕಿಂತ ಸಲೀಸಾಗಿ ಬಂತು.

ಅಂಥ ನೋವು ಇನ್ನೊಮ್ಮೆ ಬಂದರೆ ಎಂಬ ಹೆದರಿಕೆಗೆ ಮೂಡುಬಿದಿರೆಯ ಹಳೆಯ ಡಾಕ್ಟರರ ಬಳಿ ಹೋದೆ. ಅವರು ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ, ಬೆರಳಿನಿಂದ ಬಡಿದು ನೋಡಿದರು. ತೂಕ ಇಳಿದಿದೆಯೇ, ಮಲದಲ್ಲಿ ರಕ್ತ ಉಂಟೇ, ವಾಂತಿ, ಜ್ವರ ಉಂಟೇ ಎಂದು ಕೇಳಿದರು. ಒಂದೂ ಇರಲಿಲ್ಲ. ಬಸ್ಸು ಓಡಿಸುವಾಗ ನೋವು ಬಂದದ್ದುಂಟೇ ಎಂದಾಗ ಅಲ್ಲಿಯೂ "ಇಲ್ಲ" ಎಂದೆ.

"ಏನು ತಿಂತೀರಿ ಅಂತ ಆಮೇಲೆ ಹೇಳಿ. ಹೇಗೆ ತಿಂತೀರಿ?"

"ಬಾಯಿಯಿಂದಲೇ ಡಾಕ್ಟ್ರೇ."

ಅವರು ನಗಲಿಲ್ಲ. ಮೇಜಿನ ಮೇಲಿದ್ದ ಬಾಳೆಹಣ್ಣನ್ನು ನನಗೆ ಕೊಟ್ಟು ತಿನ್ನಲು ಹೇಳಿದರು. ತಿಂದೆ. ತಲೆ ಎತ್ತಿದಾಗ ಅವರು ಇನ್ನೂ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

"ಮುಗೀತಾ? ಹಲ್ಲು ಉಂಟಲ್ಲ ನಿಮಗೆ?"

"ಉಂಟು."

"ಹಾಗಾದರೆ ಅವಕ್ಕೂ ಸ್ವಲ್ಪ ಕೆಲಸ ಕೊಡಿ ಮಾರಾಯ್ರೆ. ಅಗಿಯದೆ ನುಂಗುವವರು ಅನ್ನದೊಟ್ಟಿಗೆ ಗಾಳಿಯನ್ನೂ ನುಂಗ್ತಾರೆ."

ಸೋಡಾದ ವಿಷಯ ಹೇಳಿದಾಗ ಅವರಿಗೆ ನಿಜವಾಗಿಯೂ ನಗು ಬಂತು. "ಆ ತೇಗು ನಿಮ್ಮ ಹೊಟ್ಟೆಯ ವಾಯು ಅಲ್ಲ. ಈಗಷ್ಟೇ ಒಳಗೆ ಹಾಕಿದ ಸೋಡಾದ ಗಾಳಿ. ಅದರಲ್ಲಿ ಅರ್ಧ ಮೇಲೆ ಬರ್ತದೆ, ಉಳಿದದ್ದು ಒಳಗೆ ಸಂಸಾರ ಮಾಡ್ತದೆ." ಆಮೇಲೆ ಬೇಕಾದದ್ದನ್ನು ಹೇಳಿದರು. ಕೂತು ಉಣ್ಣಬೇಕು. ಒಂದೇ ಸಲ ಹೊಟ್ಟೆ ಬಿರಿಯ ಉಣ್ಣುವ ಬದಲು ಸ್ವಲ್ಪ ಸ್ವಲ್ಪ, ಹೊತ್ತು ತಪ್ಪದೆ. ಸೋಡಾ, ಬೀಡಿ ಬೇಡ. ಎಣ್ಣೆತಿಂಡಿ ಅಪರೂಪಕ್ಕೆ. ರಾತ್ರಿ ಉಂಡ ಕೂಡಲೇ ಮಲಗಬಾರದು, ನಡೆಯಬೇಕು. ಬೆಳಗ್ಗೆ ಮೊದಲ ಟ್ರಿಪ್ಪಿನ ಅವಸರದಲ್ಲಿ ಕಕ್ಕಸಿಗೆ ಹೋಗುವುದನ್ನು ತಡೆದಿಟ್ಟುಕೊಳ್ಳಬಾರದು. "ಒಂದೊಂದಾಗಿ ಬದಲಾಯಿಸಿ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಯಾವುದರಿಂದ ಉಪದ್ರ ಆದದ್ದು ಅಂತ ಗೊತ್ತಾಗುವುದಿಲ್ಲ."

ಮೊದಲು ಸೋಡಾ ಬಿಟ್ಟೆ. ತೇಗು ಬರದೆ, ಎದೆಯಲ್ಲಿ ಏನೋ ಕೂತ ಹಾಗಾಗಿ, ವಾರ ತುಂಬುವ ಮೊದಲೇ ಬೆಳ್ತಂಗಡಿ ಸ್ಟ್ಯಾಂಡಿನಲ್ಲಿ ಕದ್ದು ಕುಡಿದೆ. ಆಮೇಲೆ, ಓಡಿಸುವಾಗ ನೋವು ಬರಬಾರದೆಂದು ಮಧ್ಯಾಹ್ನದ ಊಟವನ್ನೇ ಬಿಟ್ಟೆ. ಹಸಿದು ಮನೆಗೆ ಬಂದವನು ರಾತ್ರಿ ಎರಡು ಹೊತ್ತಿನದ್ದನ್ನು ಒಟ್ಟಿಗೆ ಉಂಡು ಮಲಗಿ, ಬೆಳಗ್ಗೆಯೇ ಉಬ್ಬಿ ಎದ್ದೆ. ಡಾಕ್ಟರರು ಬೈದರು: "ಉಪವಾಸ ಮಾಡು ಅಂತ ನಿಮಗೆ ಯಾರು ಹೇಳಿದ್ದು? ನಿಧಾನ ಉಣ್ಣು ಅಂದದ್ದು!"

ನಿಧಾನ ಉಣ್ಣಲು ಹೊತ್ತು ಬೇಕು. ಬಂಟ್ವಾಳದಲ್ಲಿ ಬಸ್ಸು ನಿಲ್ಲುವ ಹೊತ್ತು ಧಣಿಗಳ ಕೈಯಲ್ಲಿತ್ತು. ಕೇಳಿದರೆ ಯಾಕೆ ಎನ್ನುತ್ತಾರೆ. ಯಾಕೆಂದು ಹೇಳಲು ಹೊರಟರೆ ಆ ಇಳಿಜಾರಿನವರೆಗೂ ಹೇಳಬೇಕಾಗುತ್ತದೆ. ಹೀಗೆ ದಿನಗಳು ಹೋದವು. ಆ ದಿನಗಳಲ್ಲಿ ನಾನು ದಿನವೂ ಬಸ್ಸು ತುಂಬ ಜನರನ್ನು ಕೂರಿಸಿಕೊಂಡು ಅದೇ ಇಳಿಜಾರನ್ನು ಇಳಿದೆ.

ಆಟಿ ಮುಗಿಯುತ್ತಾ ಬಂದಿತ್ತು. ಒಂದು ಸಂಜೆ ಬಸ್ಸನ್ನು ಶೆಡ್ಡಿಗೆ ಬಿಟ್ಟು ಮನೆಗೆ ಹೋದವನು ಕೊಡೆ ಮರೆತೆನೆಂದು ತಿರುಗಿ ಬಂದೆ. ಮೇಸ್ತ್ರಿ ಬಸ್ಸಿಗೆ ಜಾಕ್ ಕೊಟ್ಟು ಮುಂದಿನ ಚಕ್ರ ಕಳಚಿದ್ದ. ಹೊರಗೆ ಗೋಣಿಚೀಲದಲ್ಲಿ ಅವನ ಸ್ವಂತ ಸ್ಪ್ಯಾನರುಗಳು ಕಟ್ಟಿ ಇದ್ದವು.

"ಎಂತ ಬಿಚ್ಚಿದ್ದು ಮೇಸ್ತ್ರಿ?"

"ಬ್ರೇಕ್."

"ಪುನಃ? ಹೊರಡುವವನಿಗೆ ಎಂತಕ್ಕೆ ಉಸಾಬರಿ?"

ಅವನು ಲೈನಿಂಗನ್ನು ಹೆಬ್ಬೆರಳಿನಿಂದ ಸವರುತ್ತಲೇ ಇದ್ದ. "ಎಲ್ಲಿ ತಪ್ಪಿದ್ದು ಅಂತ ಒಮ್ಮೆ ಗೊತ್ತಾಗಬೇಕು ಮಾರಾಯ. ಕೆಲಸ ಬೇರೆ ಕಡೆ ಸಿಗ್ತದೆ, ಅದಲ್ಲ. ನೀನು ಪೆಡಲು ಕೆಳಗೆ ಹೋಯ್ತು ಅಂತಿ. ನೋಡಿದರೆ ಎಲ್ಲ ಸರಿ ಉಂಟು. ಅಂದರೆ ತಪ್ಪಿದ್ದು ಎದುರಿಗೆ ಇದ್ದರೂ ನನಗೆ ಕಾಣುವುದಿಲ್ಲ ಅಂತಾಯ್ತು, ಅಲ್ವಾ? ಹಾಗೆ ಆದ ಮೇಲೆ ಇನ್ನೊಬ್ಬರ ಬಸ್ಸಿಗೆ ನಾನು ಹೇಗೆ ಕೈ ಹಾಕುವುದು?"

ಅವನ ಕೆಲಸ ಹೋಗುತ್ತದೆ ಎಂಬುದನ್ನು ನಾನು ಹೇಗೋ ನುಂಗಿಕೊಂಡಿದ್ದೆ. ಅವನಿಗೆ ಬೇರೆ ಕಡೆ ಸಿಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆದರೆ ಅವನು ತನ್ನ ಕೈಯನ್ನೇ ನಂಬದವನಾಗಿದ್ದಾನೆ ಎಂಬುದು ನನಗೆ ಗೊತ್ತಿರಲಿಲ್ಲ. ಆ ನಂಬಿಕೆಯನ್ನು ಅವನಿಂದ ಕಸಿದವನು ನಾನು. ಅಲ್ಲಿಯೇ ಹೇಳಬೇಕಿತ್ತು. ಹೇಳದೆ ಕೊಡೆ ಹಿಡಿದು ಮನೆಗೆ ಹೋದೆ. ಹೆಂಡತಿಗೆ ಮೊದಲು ಹೇಳಿದೆ, ಹೋಟೆಲಿನ ತಿಂಡಿಗಳಿಂದ ಹಿಡಿದು ಎಲ್ಲವನ್ನೂ. ಅವಳು, "ಹಾಗಾದರೆ ನನ್ನ ಹಲಸಿನ ಬೀಜ ಎಂತ ಪಾಪ ಮಾಡಿತ್ತು?" ಎಂದಳು. ಆಮೇಲೆ, "ನಾಳೆಯೇ ಧಣಿಗಳಿಗೆ ಹೇಳಿ. ಸೀಟು ಹೋದರೆ ಹೋಗಲಿ" ಎಂದಳು.

ಬೆಳಗ್ಗೆ ಶೆಡ್ಡಿಗೆ ಹೋಗುವ ಮೊದಲು ಧಣಿಗಳ ಕೋಣೆಯಲ್ಲಿ ನಿಂತೆ.

"ಧಣಿಗಳೇ, ಅವತ್ತು ಬ್ರೇಕ್ ಸರಿ ಇತ್ತು."

"ಮತ್ತೆ?"

"ನನ್ನ ಹೊಟ್ಟೆ ಸರಿ ಇರಲಿಲ್ಲ."

"ಬೆಳಗ್ಗೆ ಬೆಳಗ್ಗೆ ತಮಾಷೆಯಾ?"

ಎಲ್ಲ ಹೇಳಿದೆ. ಹೇಳುತ್ತಿದ್ದಂತೆ ಅವರ ಮುಖ ಕೆಂಪಾಯಿತು. "ಅಷ್ಟು ಜನ ಬಸ್ಸು ಹತ್ತಿದ್ದು ನಿನ್ನನ್ನು ನಂಬಿ. ಹೊಟ್ಟೆ ನೋಯ್ತದೆ ಅಂತ ಒಂದು ಮಾತು ಹೇಳಲಿಕ್ಕೆ ನಿನಗೆ ನಾಚಿಕೆಯಾ?"

"ಹೌದು. ನಾಚಿಕೆ."

"ಮೇಸ್ತ್ರಿಯ ತಲೆಗೆ ಕಟ್ಟಲಿಕ್ಕೆ ನಾಚಿಕೆ ಆಗಲಿಲ್ಲ?"

ಧಣಿಗಳು ಬಸ್ಸಿನ ಕೀಲಿಕೈ ತೆಗೆದುಕೊಂಡರು. ಡಾಕ್ಟರರು ಸರಿಯಾಯಿತು ಎನ್ನುವ ತನಕ ಸ್ಟ್ಯಾಂಡಿನಲ್ಲಿ ಕೂತು ಬಸ್ಸುಗಳ ಹೊತ್ತು ನೋಡಿಕೊಳ್ಳಬೇಕು ಎಂದರು. "ಮೇಸ್ತ್ರಿ ಕೆಲಸ ಬಿಡುವುದು ಬೇಡ. ಅವನಿಗೆ ಎಲ್ಲವನ್ನೂ ನೀನೇ ಹೋಗಿ ಹೇಳು. ನಾನು ಹೇಳುವುದಿಲ್ಲ."

ಶೆಡ್ಡಿಗೆ ಹೋಗಿ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಸುಲಭವಾಗುತ್ತಿತ್ತು. ಅವನು ಒಮ್ಮೆ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. ಆಮೇಲೆ, "ನಿನ್ನಿಂದಾಗಿ ನಾಲ್ಕೂ ಚಕ್ರ ಕಳಚಿ ಇಟ್ಟಿದ್ದೇನೆ. ತಿರುಗಿ ಜೋಡಿಸಬೇಕು. ಅಂಗಿ ತೆಗೆದಿಟ್ಟು ಬಾ" ಎಂದ.

ಇಡೀ ದಿನ ಅವನೊಟ್ಟಿಗೆ ಕೂತೆ. ಡ್ರಮ್ಮುಗಳನ್ನು ಒರೆಸಿದೆ. ಚಕ್ರವನ್ನು ಕೈಯಿಂದ ತಿರುಗಿಸುತ್ತಾ, ಅಡ್ಜಸ್ಟರನ್ನು ಬಿಗಿಸುತ್ತಾ ಹೋಗಿ, ಲೈನಿಂಗ್ ಸಣ್ಣಗೆ ಸವರುವ ಶಬ್ದ ಬಂದ ಕೂಡಲೇ ಒಂಚೂರು ಹಿಂದೆ ಬಿಡಬೇಕು. ಆ ಒಂಚೂರಿನಲ್ಲೇ ಎಲ್ಲ ಇರುವುದು. ಆ ಶಬ್ದವನ್ನು ಮೇಸ್ತ್ರಿ ನನಗೂ ಕೇಳಿಸಿದ. ಕೆಲಸಕ್ಕೆ ಬೇಕಾದಷ್ಟಲ್ಲದೆ ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ. ಸಂಜೆ ಗೋಣಿಚೀಲವನ್ನು ಬಿಚ್ಚಿ ಸ್ಪ್ಯಾನರುಗಳನ್ನು ಒಂದೊಂದಾಗಿ ಗೋಡೆಯ ಮೊಳೆಗಳಿಗೆ ತಿರುಗಿ ತೂಗಿಹಾಕಿದ. ಅದನ್ನು ನೋಡಿ ಮನೆಗೆ ನಡೆಯುವಾಗ, ಬಹಳ ದಿನಗಳ ಮೇಲೆ, ನನ್ನ ಉಸಿರು ಹೊಟ್ಟೆಯ ಬುಡದವರೆಗೆ ಇಳಿಯಿತು.

ಸ್ಟ್ಯಾಂಡಿನಲ್ಲಿ ಕೂತವನಿಗೆ ಹೊತ್ತಿಗೆ ಬರವಿಲ್ಲ. ಮನೆಯ ಬುತ್ತಿಯನ್ನು ಎದುರಿಟ್ಟು, ಒಂದು ತುತ್ತು ಪೂರ್ತಿ ಇಳಿಯುವ ತನಕ ಇನ್ನೊಂದಕ್ಕೆ ಕೈ ಹಾಕದೆ ಉಂಡೆ. ಮೊದಮೊದಲು ದವಡೆ ನೋಯುತ್ತಿತ್ತು. ಸೋಡಾ ಬೇಕೆನ್ನಿಸಿದಾಗ ಜೀರಿಗೆ ಕುದಿಸಿದ ಬಿಸಿನೀರು ಕುಡಿದೆ. ಒಂದು ವಾರದ ಚಡಪಡಿಕೆ ದಾಟಿದ ಮೇಲೆ ತೇಗಿನ ನೆನಪೇ ಹೋಯಿತು. ಬೆಳಗ್ಗೆ ಸ್ವಲ್ಪ ಬೇಗ ಎದ್ದು ಹಿತ್ತಿಲಿಗೆ ಹೋಗಿ ಅವಸರವಿಲ್ಲದೆ ಕೂತುಬಂದೆ. ಅದೊಂದರಿಂದಲೇ ಅರ್ಧ ಬಿಗಿತ ಇಳಿಯಿತೆಂದು ನನ್ನ ಲೆಕ್ಕ. ರಾತ್ರಿ ಬೇಗ ಉಂಡು, ಹೆಂಡತಿಯೊಟ್ಟಿಗೆ ರಸ್ತೆಯ ತಿರುವಿನವರೆಗೆ ನಡೆದುಬರುವುದು ರೂಢಿಯಾಯಿತು. ಜನ ನೋಡಿ ನಗುತ್ತಾರೆಂದು ಅವಳು ಮೊದಲು ನನ್ನಿಂದ ದೂರ ದೂರ ನಡೆಯುತ್ತಿದ್ದಳು.

ಬಿಟ್ಟದ್ದನ್ನು ಅವಳು ಒಂದೊಂದಾಗಿ ಹಿಂದೆ ತಂದಳು. ಹುರುಳಿಯನ್ನು ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ, ಬೇರೆ ನೀರಿನಲ್ಲಿ ಚೆನ್ನಾಗಿ ಬೇಯಿಸಿ, ಶುಂಠಿ ಹಾಕಿ ಬಡಿಸಿದಳು. ಏನೂ ಆಗಲಿಲ್ಲ. ದೋಸೆಯೂ ಏನೂ ಮಾಡಲಿಲ್ಲ. ಹಲಸಿನ ಬೀಜ ಮಾತ್ರ ರಾತ್ರಿ ತಿಂದರೆ ಉಬ್ಬರಿಸುತ್ತಿತ್ತು, ಮಧ್ಯಾಹ್ನ ನಾಲ್ಕು ತಿಂದರೆ ಇಲ್ಲ. "ಅಂದರೆ ಅದರದ್ದು ಅರ್ಧ ತಪ್ಪು" ಎಂದು ಅವಳೇ ತೀರ್ಪು ಕೊಟ್ಟಳು.

ಎಲ್ಲ ಸರಾಗವಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಶಿರ್ತಾಡಿಯ ಒಂದು ಮದುವೆಯಲ್ಲಿ ಹಳೆಯ ಪೊಗರು ಬಂದು, ಬಡಿಸಿದ್ದನ್ನೆಲ್ಲ ಹಳೆಯ ವೇಗದಲ್ಲಿ ಉಂಡೆ. ಎರಡು ದಿನ ತಮಟೆ ಬಾರಿಸಿತು. ಡಾಕ್ಟರರು, "ಒಂದು ಮದುವೆಗೆ ಹೆದರಬೇಡಿ. ಮಾರನೇ ದಿನ ತಿರುಗಿ ದಾರಿಗೆ ಬಂದರಾಯ್ತು" ಎಂದರು. ಈ ಸಲ ಅವರಿಗೆ ಇಳಿಜಾರಿನ ವಿಷಯವನ್ನೂ ಹೇಳಿದ್ದೆ. ಆದ್ದರಿಂದಲೇ ಅವರು ನನಗೆ ಸ್ಟೇರಿಂಗ್ ಕೊಡಲು ಅವಸರ ಮಾಡಲಿಲ್ಲ.

ಮಳೆ ಹೋಗಿ ಬಿಸಿಲು ಗಟ್ಟಿಯಾದ ಮೇಲೆ ಡಾಕ್ಟರರು ಒಪ್ಪಿದರು. ಧಣಿಗಳು ಒಂದು ಷರತ್ತು ಹಾಕಿದರು: ಖಾಲಿ ಬಸ್ಸು, ಬಂಟ್ವಾಳದಲ್ಲಿ ಊಟ, ಊಟದ ಮೇಲೆ ಸಿದ್ದಕಟ್ಟೆ ದಾರಿ. ಪಕ್ಕದಲ್ಲಿ ಮೇಸ್ತ್ರಿ. ಸರಿ ಎಂದು ಅವನು ಹೇಳಿದರೆ ಮಾತ್ರ ಸೀಟು ನನ್ನದು.

ಅದೇ ಇಳಿಜಾರು ಬಂತು. ಪ್ಯಾಂಟಿನ ಗುಂಡಿ ಹಾಕಿಯೇ ಇತ್ತು. ಮೇಸ್ತ್ರಿ ರಸ್ತೆಯನ್ನು ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ, ನನ್ನ ಬಲಗಾಲನ್ನೇ ನೋಡುತ್ತಿದ್ದ. ತಿರುವಿಗೆ ಮೊದಲು, "ತುಳಿ" ಎಂದ. ತುಳಿದೆ. ಪೆಡಲು ಗಟ್ಟಿ ನಿಂತಿತು. ಬಸ್ಸು ಮುರಕಲ್ಲಿನ ಗೋಡೆಯಿಂದ ಬಹಳ ಹಿಂದೆಯೇ, ಅಲುಗದೆ ನಿಂತಿತು.

"ಪೆಡಲು ಕೆಳಗೆ ಹೋಯ್ತಾ?" ಎಂದು ಕೇಳಿದ.

"ಇಲ್ಲ. ಅವತ್ತೂ ಹೋಗಿರಲಿಲ್ಲ."

"ಹ್ಞೂಂ. ಹೊರಡುವ" ಎಂದ.

ಅಷ್ಟರಿಂದ ನಾವು ಮೊದಲಿನ ಹಾಗೆ ಆದೆವೆಂದಲ್ಲ. ಅವನು ನನ್ನೊಡನೆ ನಗುತ್ತಾ ಮಾತಾಡಲು ಮತ್ತೂ ಕೆಲವು ತಿಂಗಳು ಹಿಡಿದವು. ಧಣಿಗಳು ಬಂಟ್ವಾಳದಲ್ಲಿ ಬಸ್ಸು ನಿಲ್ಲುವ ಹೊತ್ತನ್ನು ಸ್ವಲ್ಪ ಹೆಚ್ಚಿಸಿದರು, ನನಗೊಬ್ಬನಿಗಲ್ಲ, ಎಲ್ಲ ಡ್ರೈವರುಗಳಿಗೆ. ಹೋಟೆಲಿನವರಿಗೆ ನಾನು ಕೈಮುಗಿದು, "ಬಜೆ ಬೇಡ, ಮಜ್ಜಿಗೆ ಕೊಡಿ" ಎಂದೆ. ಅವರು ಕೆಲವು ದಿನ ಮುಖ ಊದಿಸಿಕೊಂಡು, ಆಮೇಲೆ ಕೇಳದೆಯೇ ಓಮ ಹಾಕಿದ ಮಜ್ಜಿಗೆ ಇಡತೊಡಗಿದರು.

ಬೇಸಗೆಯ ಒಂದು ಮಧ್ಯಾಹ್ನ ಬಿಡಿಭಾಗ ತರಲೆಂದು ಮೇಸ್ತ್ರಿ ನಮ್ಮ ಬಸ್ಸಿನಲ್ಲೇ ಬಂಟ್ವಾಳಕ್ಕೆ ಬಂದಿದ್ದ. ನನ್ನನ್ನು ಕೇಳದೆ ಒಳಕೋಣೆಗೆ ಬಂದು ನನ್ನ ಎದುರಿನ ಬೆಂಚಿನಲ್ಲಿ ಕೂತ. ಅವನದ್ದು ಉಂಡಾಯಿತು. ನಾನು ಇನ್ನೂ ಅರ್ಧದಲ್ಲಿದ್ದೆ. ಹೊರಗೆ ಕಂಡಕ್ಟರ್ ಹಾರ್ನ್ ಒತ್ತಿ, "ಡ್ರೈವರೇ, ಅನ್ನವನ್ನು ಲೆಕ್ಕ ಮಾಡ್ತಾ ಇದ್ದೀರಾ?" ಎಂದು ಕೂಗಿದ. ಹಳೆಯ ಅಭ್ಯಾಸ, ನಾನು ಎದ್ದೇಬಿಟ್ಟೆ.

ಮೇಸ್ತ್ರಿ ನನ್ನ ಭುಜ ಹಿಡಿದು ಕೂರಿಸಿದ.

"ಅಗಿ ಮಾರಾಯ, ಅಗಿ. ಬಸ್ಸು ಎಲ್ಲಿಗೂ ಉರುಳಿ ಹೋಗುವುದಿಲ್ಲ. ಅದರ ಬ್ರೇಕ್ ಮಾಡಿದ್ದು ನಾನು."